ಸ್ಪೇಸ್ ಸೀರೀಸಲ್ಲಿ ಹಡಗು ಅರ್ಧ ದಾರಿಯಲ್ಲಿ ಹಿಂದುಮುಂದಾಗಿ ತಿರುಗೋದು ಯಾಕೆ?

ಕದ್ರಿಗುಡ್ಡೆ:
ದಿ ಎಕ್ಸ್‌ಪ್ಯಾನ್ಸ್ ನೋಡ್ಲಿಕ್ಕೆ ಶುರು ಮಾಡಿದ್ದೇನೆ, ಗ್ರಾಫಿಕ್ಸ್ ಭಾರಿ ಉಂಟು ಮಾರಾಯ್ರೆ, ಆದ್ರೆ ಒಂದು ವಿಷಯ ತಲೆಗೆ ಹೋಗ್ತಾ ಇಲ್ಲ. ಹಡಗು ಅರ್ಧ ದಾರಿ ಹೋಗಿ ಪೂರ್ತಿ ತಿರುಗ್ತದೆ, ಮತ್ತೆ ಹೋಗುವ ದಿಕ್ಕಿಗೇ ಬೆಂಕಿ ಉಗುಳ್ತಾ ಹೋಗ್ತದೆ. ಚಂದಕ್ಕೆ ಮಾಡಿದ್ದಾ, ನಿಜವಾಗಿ ಹಾಗೇನಾ? ಬೇರೆ ಸೀರೀಸಲ್ಲೆಲ್ಲ ವಿಮಾನದ ಹಾಗೆ ವಾಲಿ ತಿರುಗ್ತವಲ್ಲ.

ಮಲ್ಪೆ ಧಕ್ಕೆ:
ನಿಜವಾಗಿ ಹಾಗೇ. ನಮ್ಮ ಬೋಟು ಧಕ್ಕೆಗೆ ಬರುವಾಗ ಇಂಜಿನ್ ಆಫ್ ಮಾಡಿದ್ರೆ ನೀರೇ ಹಿಡಿದು ನಿಧಾನ ಮಾಡ್ತದೆ, ಸ್ಪೇಸಲ್ಲಿ ಹಿಡೀಲಿಕ್ಕೆ ಎಂತದೂ ಇಲ್ಲ, ಅದೇ ಸ್ಪೀಡಲ್ಲಿ ಹೋಗ್ತಾನೇ ಇರ್ತದೆ, ನಿಲ್ಬೇಕಾದ್ರೆ ಇಂಜಿನ್ ಎದುರಿಗೆ ತಿರುಗಿಸಿ ಉರಿಸ್ಲೇಬೇಕು. ಚಂದ್ರಯಾನ 3 ನೆನಪುಂಟಲ್ಲ, 2023 ಆಗಸ್ಟ್ 23ರ ಸಂಜೆ? ಸುಮಾರು 30 ಕಿಮೀ ಎತ್ತರದಲ್ಲಿ, ಗಂಟೆಗೆ 6000 ಕಿಮೀ ಹತ್ರ ಸ್ಪೀಡಲ್ಲಿ ವಿಕ್ರಮ್ ಅಡ್ಡ ಮಲಗಿ ಇಂಜಿನ್ ಮುಂದೆ ಮಾಡಿ ಉರಿಸಿದ್ದು ಇದಕ್ಕೇ. ಮತ್ತೆ ಎಕ್ಸ್‌ಪ್ಯಾನ್ಸಲ್ಲಿ ಹಡಗಿನ ನೆಲ ಇರೋದು ಇಂಜಿನ್ ಕಡೆಗೆ, ಇಂಜಿನ್ ಉರಿಯುವಾಗ ಜನ ನೆಲದಲ್ಲಿ ನಿಲ್ತಾರೆ, ಆಫ್ ಆದ ಕೂಡ್ಲೇ ತೇಲ್ತಾರೆ ಇಲ್ಲಾಂದ್ರೆ ಮ್ಯಾಗ್ನೆಟ್ ಬೂಟು. ಒಂದೊಂದು ಶಾಟಿಗೂ ಇಷ್ಟು ಯೋಚನೆ ಮಾಡಿದ್ದಾರಲ್ಲ, ನಂಗೆ ಅದೇ ಖುಷಿ.

ಸುರತ್ಕಲ್ ಬೀಚ್:
1990ರ ದಶಕದ ಬ್ಯಾಬಿಲಾನ್ 5 ಕೂಡ ನೋಡಿ. ಶುರುವಿಗೆ ಅಮಿಗಾ ಕಂಪ್ಯೂಟರಲ್ಲಿ ಮಾಡಿದ ಗ್ರಾಫಿಕ್ಸ್, ಹಳೇದು ಅಂತ ನೋಡಿದ ಕೂಡ್ಲೇ ಗೊತ್ತಾಗ್ತದೆ, ಆದ್ರೆ ಅದರ ಸ್ಟಾರ್‌ಫ್ಯೂರಿ ಅನ್ನೋ ಸಣ್ಣ ಫೈಟರ್ ಹಡಗು ಮುಂದೆ ಜಾರ್ತಾ ಇದ್ದ ಹಾಗೇ ಗಿರ್ರಂತ ತಿರುಗಿ ಹಿಂದಿನವನಿಗೆ ಹೊಡೀತದೆ. ಈಗಿನ ಎಷ್ಟೋ ದುಡ್ಡು ಸುರಿದ ಸೀರೀಸಿಗಿಂತ ಅದು ರಿಯಲ್. ಶಬ್ದಕ್ಕಾದ್ರೆ 2002ರ ಫೈರ್‌ಫ್ಲೈ, ಹೊರಗಿನ ಶಾಟಲ್ಲಿ ಇಂಜಿನ್ ಸದ್ದೇ ಇಲ್ಲ, ಮ್ಯೂಸಿಕ್ ಮಾತ್ರ.

ಕದ್ರಿಗುಡ್ಡೆ:
ಓ ವಿಕ್ರಮ್ ಹೇಳಿದ ಮೇಲೆ ಕ್ಲಿಯರ್ ಆಯ್ತು. ಹಾಗಾದ್ರೆ ಸ್ಫೋಟ, ಲೇಸರ್ ಎಲ್ಲ?

ಮಣಿಪಾಲ ಹಾಸ್ಟೆಲ್:
ಹೊಗೆ ಸುರುಳಿ ಸುತ್ತಿ ಮೇಲೆ ಹೋದ್ರೆ ಸುಳ್ಳು, ಗಾಳಿ ಇಲ್ಲದಲ್ಲಿ ಗ್ಯಾಸು ಎಲ್ಲ ದಿಕ್ಕಿಗೂ ಹರಡಿ ಬೇಗ ಮಾಯ ಆಗ್ತದೆ. ಲೇಸರ್ ಗೆರೆ ಪಕ್ಕದಿಂದ ಕಾಣ್ಲಿಕ್ಕೇ ಇಲ್ಲ, ಬೆಳಕು ಚದುರ್ಲಿಕ್ಕೆ ಧೂಳೋ ಗಾಳಿಯೋ ಬೇಕಲ್ಲ. ಬಿಸಿಲು ಬಿದ್ದ ಹಡಗಿನ ಹಿಂದೆ ನಕ್ಷತ್ರ ತುಂಬಿಸೋದೂ ಸರಿಯಲ್ಲ, ಅಪೋಲೋದವರು ಚಂದ್ರನ ಮೇಲೆ ತೆಗೆದ ಫೋಟೋದಲ್ಲಿ ಆಕಾಶ ಬರೀ ಕಪ್ಪು.

ಮಲ್ಪೆ ಧಕ್ಕೆ:
ನಕ್ಷತ್ರ ನಾನು ಬಿಟ್ಟುಬಿಡ್ತೇನೆ, ಹಿಂದೆ ಅದಿಲ್ಲಾಂದ್ರೆ ಹಡಗು ತಿರುಗಿದ್ದಾ ಕ್ಯಾಮೆರಾ ತಿರುಗಿದ್ದಾ ಹೇಗೆ ಗೊತ್ತಾಗೋದು? ಕದ್ರಿಯವರೇ, ಮುಂದಿನ ಎಪಿಸೋಡಲ್ಲಿ ಮೂತಿ ಹತ್ರದ ಸಣ್ಣ ಥ್ರಸ್ಟರ್ ಗಮನಿಸಿ, ತಿರುಗ್ಲಿಕ್ಕೆ ಒಂದು ಕಡೆಯಿಂದ ಪುಸ್ ಅಂತ ಬಿಳೀ ಗ್ಯಾಸು ಬಂದ್ರೆ ಆ ತಿರುಗೋದನ್ನು ನಿಲ್ಲಿಸ್ಲಿಕ್ಕೆ ಎದುರು ಕಡೆಯಿಂದ ಇನ್ನೊಂದು ಬರ್ಲೇಬೇಕು. ಆ ಎರಡನೇದು ತೋರಿಸಿದ್ದಾರಾ ನೋಡಿ ಇಲ್ಲೇ ಬರೀರಿ.