ನಾಳೆಯ ಮಳೆಯನ್ನು ನೆನೆಯದೆ ಇಂದಿನಲ್ಲಿ ಬದುಕಲು ರೈತನಿಗೆ ಸಾಧ್ಯವೇ?

ಪ್ರಶ್ನೆ: ಶೇಂಗಾ ಬೆಳೆಗಾರ, ಚಳ್ಳಕೆರೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ವರ್ತಮಾನದಲ್ಲಿ ಬದುಕಿದರೆ ಮನಸ್ಸಿಗೆ ಶಾಂತಿ ದೊರೆಯುತ್ತದೆ ಎಂಬ ಮಾತನ್ನು ಮಠದ ಪ್ರವಚನಗಳಲ್ಲಿಯೂ ಮೊಬೈಲಿನ ವಿಡಿಯೊಗಳಲ್ಲಿಯೂ ಬಹಳ ಕೇಳಿದ್ದೇನೆ. ಅದು ಸುಳ್ಳೆಂದು ನನಗೆ ಅನ್ನಿಸಿಲ್ಲ. ಆದರೆ ಪುನರ್ವಸು ಮಳೆಗೆ ಶೇಂಗಾ ಬಿತ್ತಿದವನು, ಹೂವು ಕಟ್ಟುವ ಹೊತ್ತಿಗೆ ಮಘೆ ಮಳೆ ಕೈ ಹಿಡಿಯುತ್ತದೆಯೋ ಕೈ ಕೊಡುತ್ತದೆಯೋ ಎಂದು ಯೋಚಿಸದೆ ಇರುವುದಾದರೂ ಹೇಗೆ? ಬೆಳಿಗ್ಗೆ ಪೂಜೆಗೆ ಕುಳಿತರೆ ಕೈ ವಿಭೂತಿ ಹಚ್ಚುತ್ತಿರುತ್ತದೆ, ಮನಸ್ಸು ಸೊಸೈಟಿ ಸಾಲದ ಕಂತನ್ನು ಎಣಿಸುತ್ತಿರುತ್ತದೆ. ನಾಳೆಯ ಯೋಚನೆ ಬಿಟ್ಟರೆ ಸಂಸಾರ ಕೆಡುತ್ತದೆ, ಬಿಡದಿದ್ದರೆ ನೆಮ್ಮದಿ ಕೆಡುತ್ತದೆ. ಸಂಸಾರದಲ್ಲಿದ್ದುಕೊಂಡೇ ಇದಕ್ಕೆ ದಾರಿ ಕಂಡವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ಅಧ್ಯಾಪಕ, ದಾವಣಗೆರೆ

ಕಂತು ಯಾವ ತಿಂಗಳು ಕಟ್ಟಬೇಕು, ಹಣ ಎಲ್ಲಿಂದ ಹೊಂದಿಸಬೇಕು ಎಂಬುದನ್ನು ಕಾಗದದ ಮೇಲೆ ಬರೆದು ತೀರ್ಮಾನಿಸುವುದು ಈ ಹೊತ್ತಿನ ಕೆಲಸವೇ ಹೌದು. ಅದನ್ನು ಮಾಡುವವನು ವರ್ತಮಾನದಲ್ಲಿಯೇ ಇದ್ದಾನೆ. ತೀರ್ಮಾನವಾದ ಮೇಲೂ ಅದೇ ಲೆಕ್ಕವನ್ನು ಪೂಜೆಯಲ್ಲಿ, ಊಟದಲ್ಲಿ, ಹಾಸಿಗೆಯಲ್ಲಿ ಮತ್ತೆ ಮತ್ತೆ ಹಾಕುತ್ತಿದ್ದರೆ ಸಾಲದಲ್ಲಿ ಒಂದು ರೂಪಾಯಿಯೂ ಇಳಿಯುವುದಿಲ್ಲ, ಆದರೆ ಪೂಜೆ, ಊಟ, ನಿದ್ದೆ ಮೂರೂ ಹೋಗುತ್ತವೆ. ಬಿಡಬೇಕಾದದ್ದು ಈ ಎರಡನೆಯದನ್ನು ಮಾತ್ರ.

ಹನ್ನೆರಡನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ‘ಈಸಕ್ಕಿಯಾಸೆ ನಿಮಗೇಕೆ’ ಎಂದು ಕೇಳಿ ಹೆಚ್ಚಿನದನ್ನು ಹಿಂದಿರುಗಿಸಲು ಕಳುಹಿಸಿದವಳು ಹೆಂಡತಿ ಲಕ್ಕಮ್ಮ. ಅದೇ ಮಾರಯ್ಯ ತನ್ನ ವಚನದಲ್ಲಿ, ಕಾಯಕದಲ್ಲಿ ನಿರತನಾದಾಗ ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕು ಎನ್ನುತ್ತಾನೆ. ಕಾಯಕವೇ ಕೈಲಾಸ ಎಂಬ ಮಾತನ್ನು ನಾವು ಕಚೇರಿಯ ಗೋಡೆಗೆ ಬರೆಸುವ ಘೋಷಣೆಯಾಗಿಸಿಕೊಂಡಿದ್ದೇವೆ. ಆ ವಚನ ನಮ್ಮಿಂದ ಬಯಸುವ ತನ್ಮಯತೆಯನ್ನು ಯಾರೂ ಗೋಡೆಗೆ ಬರೆಸುವುದಿಲ್ಲ. ಕಳೆ ಕೀಳುವಾಗ ಕಳೆಯಲ್ಲಿಯೇ ಇರುವುದು, ಪೂಜೆಗೆ ಕುಳಿತಾಗ ಅಂಗೈಯ ಲಿಂಗದಲ್ಲಿಯೇ ದೃಷ್ಟಿಯನ್ನು ನೆಡುವುದು, ಎರಡೂ ಒಂದೇ ಸಾಧನೆ ಎಂದು ನಾನು ತಿಳಿದಿದ್ದೇನೆ.

ಉತ್ತರ: ಶಾಲಾ ಶಿಕ್ಷಕಿ, ಹಿರಿಯೂರು

ಅಧ್ಯಾಪಕರ ಮಾತನ್ನು ಗೌರವಿಸುತ್ತಲೇ ಒಂದು ಆಕ್ಷೇಪವನ್ನು ಮುಂದಿಡುತ್ತೇನೆ. ‘ಇಂದಿನಲ್ಲಿ ಬದುಕಿ’ ಎಂಬ ಉಪದೇಶವನ್ನು ಹೆಚ್ಚಾಗಿ ಕೊಡುವವರು ತಿಂಗಳ ಮೊದಲ ವಾರ ಸಂಬಳ ಬರುವ ನನ್ನಂಥವರು. ಮುಗಿಲು ನೋಡಿ ಬದುಕುವವರಿಗೆ ನಾಳೆಯ ಯೋಚನೆ ಒಂದು ದೌರ್ಬಲ್ಯವೆಂಬಂತೆ ಹೇಳುವುದು ನ್ಯಾಯವಲ್ಲ. ನಮ್ಮ ವಾಣಿವಿಲಾಸ ಸಾಗರವನ್ನೇ ನೋಡಿ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1897ರಲ್ಲಿ ಆರಂಭವಾದ ಆ ಕಟ್ಟೆಯ ಕೆಲಸ 1907ಕ್ಕೆ ಮುಗಿಯಿತು; 1933ರಲ್ಲಿ ಒಮ್ಮೆ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅದನ್ನು ಕಟ್ಟಿಸಿದವರು ತಾವು ಕಾಣದ ಕಾಲವನ್ನು ಕುರಿತು ಯೋಚಿಸದಿದ್ದರೆ ಹಿರಿಯೂರಿನ ತೋಟಗಳೂ ಇರುತ್ತಿರಲಿಲ್ಲ, ಚಿತ್ರದುರ್ಗಕ್ಕೆ ಅಲ್ಲಿಂದ ಕುಡಿಯುವ ನೀರೂ ಬರುತ್ತಿರಲಿಲ್ಲ.

ಆದ್ದರಿಂದ ಮಳೆಯ ಬಗ್ಗೆ ಯೋಚಿಸುವುದಕ್ಕಾಗಿ ತಾವು ತಪ್ಪಿತಸ್ಥರಂತೆ ಭಾವಿಸಬೇಕಾಗಿಲ್ಲ. ಕೃಷಿಹೊಂಡಕ್ಕೆ ಅರ್ಜಿ ಹಾಕುವುದು, ಬೆಳೆವಿಮೆಯ ಕೊನೆಯ ದಿನಾಂಕದೊಳಗೆ ಕಂತು ಕಟ್ಟುವುದು, ಶೇಂಗಾದ ನಡುವೆ ತೊಗರಿಯ ಸಾಲು ಹಾಕುವುದು, ಇವೆಲ್ಲವೂ ನೆಮ್ಮದಿಗೆ ದಾರಿಗಳೇ. ಕೈಯಲ್ಲಿ ಆಗುವುದನ್ನು ಮಾಡಿದವನ ಮನಸ್ಸು ಮಾಡದವನ ಮನಸ್ಸಿಗಿಂತ ಬೇಗ ಧ್ಯಾನಕ್ಕೆ ಒಗ್ಗುತ್ತದೆ.

ಉತ್ತರ: ಧ್ಯಾನಾಭ್ಯಾಸಿ, ಚಿತ್ರದುರ್ಗ

ಮೇಲಿನ ಇಬ್ಬರ ಮಾತಿಗೂ ನನ್ನ ಒಪ್ಪಿಗೆಯಿದೆ. ನಾನು ಅಭ್ಯಾಸದ ಕ್ರಮವನ್ನಷ್ಟೇ ಹೇಳುತ್ತೇನೆ. ಧ್ಯಾನಗುರು ಎಸ್. ಎನ್. ಗೋಯೆಂಕಾ ಅವರ ಪರಂಪರೆಯ ಹತ್ತು ದಿನಗಳ ವಿಪಸ್ಸನ ಧ್ಯಾನ ಶಿಬಿರದಲ್ಲಿ ಮೊದಲ ಮೂರು ದಿನ ಆನಾಪಾನ, ಅಂದರೆ ಉಸಿರನ್ನು ಗಮನಿಸುವ ಅಭ್ಯಾಸ, ಒಂದನ್ನೇ ಮಾಡಿಸುತ್ತಾರೆ. ಉಸಿರನ್ನು ಹಿಡಿಯುವುದಾಗಲಿ ಎಣಿಸುವುದಾಗಲಿ ಅಲ್ಲಿಲ್ಲ. ಮೂಗಿನ ಹೊಳ್ಳೆಯ ಬಳಿ ಅದು ಬಂದು ಹೋಗುವುದನ್ನು ಇದ್ದಂತೆಯೇ ಗಮನಿಸಬೇಕು. ಗಮನ ಕಂತಿನ ಕಡೆಗೆ ಹೋಗಿಯೇ ಹೋಗುತ್ತದೆ. ಹೋಯಿತೆಂದು ತಿಳಿದ ಕೂಡಲೇ ನಮ್ಮನ್ನು ನಾವು ಬೈದುಕೊಳ್ಳದೆ ಮತ್ತೆ ಉಸಿರಿಗೆ ಮರಳಬೇಕು. ಯೋಚನೆ ಬಾರದಂತೆ ತಡೆಯುವುದೇ ಧ್ಯಾನವೆಂದು ಭಾವಿಸಿ ಬಹಳ ಜನ ವಾರದೊಳಗೆ ಕೈಬಿಡುತ್ತಾರೆ. ಹೀಗೆ ಮರಳಿ ಬರುವುದೇ ಅಭ್ಯಾಸವೆಂದು ತಿಳಿದರೆ, ಹತ್ತು ಸಲ ಅಲೆದ ಮನಸ್ಸು ಹತ್ತು ಸಲ ಅಭ್ಯಾಸ ಮಾಡಿದಂತಾಯಿತು.

ಶಿಬಿರಕ್ಕೆ ಹೋಗಲೇಬೇಕೆಂದಿಲ್ಲ. ಚಂದ್ರವಳ್ಳಿಯ ಅಂಕಲಿಮಠದಂಥ ಗುಹೆಯೂ ಬೇಕಿಲ್ಲ. ರಜಾದಿನಗಳಲ್ಲಂತೂ ಅಲ್ಲಿ ಸೆಲ್ಫಿಯವರ ಗದ್ದಲವೇ ಹೆಚ್ಚು. ಅಧ್ಯಾಪಕರು ಹೇಳಿದ ಲೆಕ್ಕದ ಕೆಲಸಕ್ಕೆ ಸಂಜೆ ಒಂದು ಹೊತ್ತನ್ನು ಗೊತ್ತುಮಾಡಿಕೊಂಡು, ಪುಸ್ತಕದಲ್ಲಿ ಬರೆದು ಮುಚ್ಚಿಡಿ. ಪೂಜೆಯಲ್ಲಿ ಅದು ತಲೆಹಾಕಿದಾಗ ‘ಇದು ಸಂಜೆಯ ಮಾತು’ ಎಂದು ಮನಸ್ಸಿನಲ್ಲಿಯೇ ಹೇಳಿ ಮರಳಿ.

ಇನ್ನೊಂದು ಮಾತನ್ನು ಹೇಳದೆ ಇರಲಾರೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ ಧ್ಯಾನವನ್ನು ನೆಚ್ಚಿಕೊಂಡು ಕೂರಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಮರುಪ್ರಶ್ನೆ: ಶೇಂಗಾ ಬೆಳೆಗಾರ, ಚಳ್ಳಕೆರೆ ತಾಲ್ಲೂಕು

ಮೂವರಿಗೂ ಶರಣು. ನನ್ನ ನಿದ್ದೆಗೆ ತೊಂದರೆಯಿಲ್ಲ, ಮನೆಯವರು ಸಾಕ್ಷಿ. ಸಂಜೆ ಲೆಕ್ಕ ಬರೆಯುವ ಸಲಹೆ ನನಗೆ ಹಿಡಿಸಿತು. ಆದರೆ ಉಸಿರಿನ ಅಭ್ಯಾಸವನ್ನು ಕಣ್ಣು ಮುಚ್ಚಿ ಮಾಡಿದರೆ ತೂಕಡಿಕೆ ಬರುತ್ತದೆ. ಕಣ್ಣು ತೆರೆದೇ ಮಾಡಬಹುದೇ?

ಉತ್ತರ: ಧ್ಯಾನಾಭ್ಯಾಸಿ, ಚಿತ್ರದುರ್ಗ

ಧಾರಾಳವಾಗಿ ಮಾಡಬಹುದು. ಲಿಂಗಪೂಜೆಯಲ್ಲಿ ಕಣ್ಣು ತೆರೆದೇ ಇರುತ್ತದೆಯಲ್ಲವೇ? ದೃಷ್ಟಿ ಅಂಗೈಯಲ್ಲಿರಲಿ, ಗಮನ ಉಸಿರಿನಲ್ಲಿರಲಿ. ಎರಡೂ ಒಟ್ಟಿಗೆ ಕಷ್ಟವೆನಿಸಿದರೆ ಉಸಿರನ್ನು ಬಿಟ್ಟು ಲಿಂಗವನ್ನೇ ಹಿಡಿಯಿರಿ. ಊಟವಾದ ಕೂಡಲೇ ಮಾತ್ರ ಕೂರಬೇಡಿ, ಆಗ ಕಣ್ಣು ತೆರೆದಿದ್ದರೂ ತೂಕಡಿಕೆ ತಪ್ಪುವುದಿಲ್ಲ.