ಬಿಳಿಗಿರಿರಂಗನ ಬೆಟ್ಟದ ಪ್ರವಾಸ ಮತ್ತು ಸೋಲಿಗರು ಕಳೆದುಕೊಂಡ ಕಾಡು

ಪ್ರಶ್ನೆ:
ಮುಂದಿನ ತಿಂಗಳು ಕುಟುಂಬದೊಂದಿಗೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವವನಿದ್ದೇನೆ. ಸಫಾರಿಯ ಮತ್ತು ದೇವಸ್ಥಾನದ ವಿವರಗಳು ಎಲ್ಲೆಡೆ ಸಿಗುತ್ತವೆ. ಆದರೆ ತಲೆತಲಾಂತರದಿಂದ ಕಾಡಿನೊಳಗೆ ಬದುಕಿದ್ದ ಸೋಲಿಗರು ಅದರ ಅಂಚಿನ ಪೋಡುಗಳಿಗೆ (ಅವರ ಪುಟ್ಟ ಹಾಡಿಗಳಿಗೆ) ಬಂದು ನೆಲೆಸಿದ್ದು ಹೇಗೆ ಎಂಬುದನ್ನು ನಾನು ಓದಿದ ಯಾವ ಪ್ರವಾಸಿ ಬರಹವೂ ಹೇಳಲಿಲ್ಲ. ಇದರಲ್ಲಿ ಬ್ರಿಟಿಷ್ ಆಡಳಿತದ ಪಾಲೆಷ್ಟು? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1:
ಪಾಲು ದೊಡ್ಡದೇ. ಈ ಬೆಟ್ಟಸಾಲಿನ ಒಂದು ಭಾಗ ಮೈಸೂರು ಸಂಸ್ಥಾನದಲ್ಲಿತ್ತು. ಕೊಳ್ಳೇಗಾಲದ ಕಡೆಯ ಭಾಗ 1956ರವರೆಗೆ ಮದ್ರಾಸಿಗೆ ಸೇರಿತ್ತು. 19ನೇ ಶತಮಾನದ ಉತ್ತರಾರ್ಧದಲ್ಲಿ ಬಂದ ಅರಣ್ಯ ಕಾನೂನುಗಳು ಕಾಡನ್ನು ಸರ್ಕಾರದ ಮರದ ಉಗ್ರಾಣವೆಂದು ಕಂಡವು. ಸೋಲಿಗರು ಜಾಗ ಬದಲಿಸುತ್ತ ರಾಗಿ ಬೆಳೆಯುತ್ತಿದ್ದ ಬೇಸಾಯವೂ, ಬೇಸಿಗೆಯ ಆರಂಭದಲ್ಲಿ ಒಣ ಎಲೆಗೆ ಹಚ್ಚುತ್ತಿದ್ದ ತರಗು ಬೆಂಕಿಯೂ ಕ್ರಮೇಣ ಅಪರಾಧವೆನಿಸಿದವು. ಇತ್ತ ಹೊನ್ನಮೇಟಿಯಲ್ಲಿ ಯೂರೋಪಿಯನ್ನರ ಕಾಫಿ ತೋಟಕ್ಕೆ ಇದೇ ಬೆಟ್ಟದಲ್ಲಿ ಜಾಗ ದೊರೆಯಿತು. ಆದ್ದರಿಂದ ಆ ಕಾನೂನುಗಳ ಗುರಿ ಕಾಡಿನ ರಕ್ಷಣೆಯಷ್ಟೇ ಆಗಿತ್ತೆಂದು ನಾನು ಒಪ್ಪಲಾರೆ.

ಉತ್ತರ 2:
ಸಫಾರಿಗೆ ಹೋದಾಗ ದಾರಿಯ ಎರಡೂ ಬದಿಯ ಪೊದೆಗಳನ್ನು ಗಮನಿಸಿ. ಅದು ಲಂಟಾನ, 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಅಲಂಕಾರಕ್ಕೆಂದು ಭಾರತಕ್ಕೆ ತಂದ ಗಿಡ. ತರಗು ಬೆಂಕಿ ನಿಂತ ಮೇಲೆಯೇ ಅದು ಹೀಗೆ ಹಬ್ಬಿತು, ನೆಲ್ಲಿ ಮರಗಳಲ್ಲಿ ಅವುಗಳ ಸಾರ ಹೀರಿ ಬೆಳೆಯುವ ಬಂದಳಿಕೆ ಗಿಡವೂ ಹೆಚ್ಚಿತು ಎಂದು ಸೋಲಿಗ ಹಿರಿಯರು ಹೇಳುತ್ತ ಬಂದಿದ್ದಾರೆ. ಸಂಶೋಧಕರೂ ಈಚೆಗೆ ಆ ಮಾತನ್ನು ಗಂಭೀರವಾಗಿ ಪರಿಗಣಿಸಿದ್ದಾರೆ. ಕಾಡನ್ನು ಅರಿತವರ ಮಾತು ಕೇಳಿಸಿಕೊಳ್ಳಲು ನಮಗೆ ಇಷ್ಟು ಕಾಲ ಬೇಕಾಯಿತಲ್ಲ ಎಂಬುದೇ ನನ್ನ ನೋವು.

ಉತ್ತರ 3:
ಮೇಲಿನ ಎರಡೂ ಉತ್ತರಗಳು ಸರಿ, ಆದರೆ ಹೊಣೆಯನ್ನೆಲ್ಲ ಬ್ರಿಟಿಷರ ಮೇಲೆ ಹೊರಿಸುವುದು ನ್ಯಾಯವಲ್ಲ. 1974ರಲ್ಲಿ ಇದನ್ನು ವನ್ಯಜೀವಿಧಾಮವೆಂದು ಘೋಷಿಸಿ, ಒಳಗಿದ್ದ ಪೋಡುಗಳನ್ನು ತೆರವುಗೊಳಿಸಿದ್ದು ನಮ್ಮದೇ ಸರ್ಕಾರ. ಜನರಿದ್ದರೆ ಕಾಡು ಉಳಿಯದೆಂಬ ಹಳೆಯ ಆಡಳಿತದ ನಂಬಿಕೆಯನ್ನು ನಾವು ಪ್ರಶ್ನಿಸದೆ ಮುಂದುವರಿಸಿದೆವು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ದೊರೆತು, ಜೇನು, ನೆಲ್ಲಿ, ಮರದ ಪಾಚಿ (ಕಲ್ಲುಹೂವು) ಸಂಗ್ರಹಿಸಲು ಕಾನೂನಿನ ಆಧಾರ ಸಿಕ್ಕಿತು. ಅದೇ ವರ್ಷ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆದದ್ದರಿಂದ ಹಕ್ಕಿನ ಚಲಾವಣೆ ಇಂದಿಗೂ ಸುಲಭವಲ್ಲ.

ನಿಮ್ಮ ಪ್ರವಾಸದ ಬಗ್ಗೆ ಹೇಳುವುದಾದರೆ, ಕರೆಯದೆ ಪೋಡಿನೊಳಗೆ ಹೋಗಿ ಫೋಟೋ ತೆಗೆಯಬೇಡಿ. ದೊಡ್ಡಸಂಪಿಗೆ ಸೋಲಿಗರು ಪೂಜಿಸುವ ಮರ, ಅಲ್ಲಿ ದೇವಾಲಯದಲ್ಲಿರುವಂತೆಯೇ ನಡೆದುಕೊಳ್ಳಿ. ಸೋಲಿಗ ಮಾರ್ಗದರ್ಶಕರು ಸಿಕ್ಕರೆ ಅವರನ್ನೇ ಆರಿಸಿಕೊಳ್ಳಿ. ನಿಮ್ಮ ಪ್ರಶ್ನೆಗೆ ನಮಗಿಂತ ಚೆನ್ನಾಗಿ ಉತ್ತರಿಸಬಲ್ಲವರು ಅವರು.