ಸಹಾಯ ಬೇಕು: ಯುದ್ಧಸೇವೆಯಲ್ಲಿ ಮಡಿದ ವಿದ್ಯಾರ್ಥಿಗಳ ವಿವರ

ಎರಡು ಮಹಾಯುದ್ಧಗಳಲ್ಲಿ ಓದು ಬಿಟ್ಟು ಸೇನೆಗೆ ಸೇರಿ ಪ್ರಾಣ ತೆತ್ತ ನಮ್ಮ ಕಾಲೇಜಿನ ವಿದ್ಯಾರ್ಥಿಗಳ ಸ್ಮರಣ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದೇವೆ. ಗೋಡೆಯ ಕಲ್ಲಿನಲ್ಲಿ ಇನಿಷಿಯಲ್ ಮತ್ತು ಮನೆತನದ ಹೆಸರಷ್ಟೇ ಇದ್ದು, ಕೆಳಗಿನ ಸಾಲಿನ ಅಕ್ಷರಗಳು ಸವೆದು ಬೆರಳಾಡಿಸಿದರೆ ಮಾತ್ರ ತಿಳಿಯುವಂತಿವೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಗಳು ಮೊದಲ ಯುದ್ಧಕ್ಕೆ 1921ರ ಆಗಸ್ಟ್ 31ರವರೆಗೆ, ಎರಡನೆಯದಕ್ಕೆ 1947ರ ಡಿಸೆಂಬರ್ 31ರವರೆಗೆ ಮಡಿದವರನ್ನು ಒಳಗೊಂಡಿರುವುದರಿಂದ, ಕದನ ನಿಂತ ಮೇಲೆ ಗಾಯದಿಂದಲೋ ಕಾಯಿಲೆಯಿಂದಲೋ ತೀರಿಕೊಂಡವರೂ ಅಲ್ಲಿ ಸಿಗುತ್ತಾರೆ. ಆದರೆ ರೆಜಿಮೆಂಟ್ ಆಗಲಿ ಸೇವಾ ಸಂಖ್ಯೆಯಾಗಲಿ ಗೊತ್ತಿಲ್ಲದೆ, ಒಂದೇ ಹೆಸರಿನ ಹಲವರಲ್ಲಿ ನಮ್ಮವರು ಯಾರೆಂದು ಖಚಿತಪಡಿಸಿಕೊಳ್ಳುವುದು ಹೇಗೆ? ಪ್ರವೇಶ ರಿಜಿಸ್ಟರಿನಲ್ಲಿ ತಂದೆಯ ಹೆಸರು ಮತ್ತು ಜನ್ಮದಿನಾಂಕ ಮಾತ್ರ ಇವೆ. ವೈದ್ಯಕೀಯ ದಳದಲ್ಲಿದ್ದವರನ್ನು ಕೈಬಿಡಬಹುದೆಂಬ ಸಲಹೆಯನ್ನು ನಾನಂತೂ ಒಪ್ಪಲಾರೆ, ಅವರೂ ಸೇವೆಯಲ್ಲೇ ಮಡಿದವರು. ಇಂತಹ ಪಟ್ಟಿಯನ್ನು ಸಿದ್ಧಪಡಿಸಿದ ಅನುಭವವುಳ್ಳವರು ಯಾವ ದಾಖಲೆಯಿಂದ ಆರಂಭಿಸಬೇಕೆಂದು ದಯವಿಟ್ಟು ತಿಳಿಸಬೇಕು.